ಸೋಮಗ್ರಹಣ ಎಂದರೆ ಸೋಮವಾರದ ಗ್ರಹಣವಲ್ಲ

ನಾನು ಡಿಗ್ರಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಎರಡು ವರ್ಷದ ಹಿಂದೆ ಕೊನೆಯ ವರ್ಷದ ಬಿಎಸ್ಸಿ ಹುಡುಗರಿಗೆ ಒಂದು ಪ್ರಾಜೆಕ್ಟ್ ಕೊಟ್ಟೆ. ಕರ್ನಾಟಕದ ಶಾಸನಗಳನ್ನು ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕದ ಯಾವುದಾದರೂ ಸಂಪುಟದಿಂದ ಒಂದು ದಾನಶಾಸನ ಆರಿಸಿಕೊಳ್ಳಿ, ಅದರಲ್ಲಿ ಹೇಳಿರುವ ಗ್ರಹಣ ನಿಜಕ್ಕೂ ಯಾವತ್ತು ಆಯಿತು ಅಂತ ಲೆಕ್ಕ ಹಾಕಿ ತೋರಿಸಿ ಎಂದಿದ್ದೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ಗ್ರಹಣಗಳ ಪಟ್ಟಿ ಇಂಟರ್‌ನೆಟ್ಟಿನಲ್ಲಿದೆ, ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡಿದ್ದೆ.

ವಾರ ಕಳೆದ ಮೇಲೆ ಒಬ್ಬ ಬಂದ. "ಸರ್, ಈ ಶಾಸನ ಸುಳ್ಳು ಅನ್ಸುತ್ತೆ. ಆ ವರ್ಷ ಸೋಮವಾರ ಯಾವ ಗ್ರಹಣಾನೂ ಆಗಿಲ್ಲ" ಅಂದ. ಹಾಳೆ ಇಸಕೊಂಡು ನೋಡಿದೆ. ‘ಸೋಮಗ್ರಹಣದಂದು’ ಎಂದಿತ್ತು. ನನಗೂ ತಕ್ಷಣ ಹೊಳೆಯಲಿಲ್ಲ, ಒಪ್ಪಿಕೊಳ್ಳುತ್ತೇನೆ. ಪಕ್ಕದ ಮೇಜಿನಲ್ಲಿ ಪೇಪರ್ ತಿದ್ದುತ್ತಿದ್ದ ಕನ್ನಡದ ಮೇಡಂ ತಲೆ ಎತ್ತದೆ ಹೇಳಿದರು: "ಸೋಮ ಅಂದ್ರೆ ಚಂದ್ರ ಕಣಪ್ಪ. ಚಂದ್ರಗ್ರಹಣ ಅದು. ವಾರ ಬೇರೆ ಕಡೆ ಇರುತ್ತೆ ನೋಡು."

ಹಿಂದಿನ ಸಾಲಿನಲ್ಲಿ ‘ವಡ್ಡವಾರ’ ಎಂದಿತ್ತು.

"ವಡ್ಡವಾರ ಅಂದ್ರೆ ಮೇಡಂ?"

"ಶನಿವಾರ."

ಅವನ ಒಂದು ವಾರದ ಲೆಕ್ಕ ಎರಡು ಪದಕ್ಕೆ ಮಗುಚಿಬಿತ್ತು. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ, ನಾನೇ ನೋಡಿದ್ದೆ. ತಪ್ಪು ಓದಿನಲ್ಲಿತ್ತು. ಆ ಸಂಜೆ ಪ್ರಾಜೆಕ್ಟಿನ ಹುಡುಗರನ್ನೆಲ್ಲ ಕೂರಿಸಿಕೊಂಡು ಒಂದು ಪ್ರಕರಣ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಮಾನವಿಕ ವಿಷಯಗಳು ವಿದ್ಯಾರ್ಥಿಗೆ ‘ಮೌಲ್ಯ’ ಕಲಿಸುತ್ತವೆ, ವ್ಯಕ್ತಿತ್ವ ಅರಳಿಸುತ್ತವೆ ಎಂಬ ಮಾತನ್ನು ಸಭೆಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಈ ಪ್ರಕರಣದಲ್ಲಿ ಅವು ಮಾಡಿದ ಕೆಲಸ ಬೇರೆಯೇ. ಭೌತಶಾಸ್ತ್ರಕ್ಕೆ ಬೇರೆಲ್ಲೂ ಸಿಗದ ಒಂದು ಅಳತೆಯನ್ನು ಅವು ತಂದುಕೊಟ್ಟವು.

ಪ್ರಶ್ನೆ

ಭೂಮಿ ತನ್ನ ಸುತ್ತ ತಾನು ತಿರುಗುವುದು ನಿಧಾನವಾಗುತ್ತಿದೆ. ಚಂದ್ರನ ಸೆಳೆತಕ್ಕೆ ಕಡಲು ಉಬ್ಬುತ್ತದೆ, ಆ ಭರತ ಇಳಿತಗಳ ತಿಕ್ಕಾಟ ತಿರುಗುವ ಭೂಮಿಗೆ ಬ್ರೇಕ್ ಹಾಕುತ್ತದೆ. ಭೂಮಿ ಕಳೆದುಕೊಂಡ ತಿರುಗುವ ರಭಸ (ಕೋನೀಯ ಸಂವೇಗ) ಚಂದ್ರನ ಖಾತೆಗೆ ಜಮಾ ಆಗಿ, ಅವನು ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಾನೆ. ಅಪೊಲೊ ಯಾತ್ರಿಗಳು 1969ರಿಂದ ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಗಳಿಗೆ ಲೇಸರ್ ಬಿಟ್ಟು ಅಳೆದ ಅಂಕಿ ಇದು. ಇದರ ಪ್ರಕಾರ ಹಗಲು ರಾತ್ರಿ ಸೇರಿದ ಒಂದು ದಿನದ ಉದ್ದ ಶತಮಾನಕ್ಕೆ 2.3 ಮಿಲಿಸೆಕೆಂಡಿನಷ್ಟು ಹಿಗ್ಗಬೇಕು.

ನಿಜಕ್ಕೂ ಅಷ್ಟೇ ಹಿಗ್ಗುತ್ತಿದೆಯೇ? ಸೀಸಿಯಂ ಪರಮಾಣು ಗಡಿಯಾರ ಬಂದದ್ದು 1955ರಲ್ಲಿ. ಎಪ್ಪತ್ತು ವರ್ಷದ ಅಳತೆ ಈ ಪ್ರಶ್ನೆಗೆ ಏನೇನೂ ಸಾಲದು. ಗಾಳಿ, ಕಡಲು, ಭೂಮಿಯ ಒಡಲಿನ ಕರಗಿದ ಲೋಹ ಇವೆಲ್ಲ ಸೇರಿ ದಿನದ ಉದ್ದವನ್ನು ಆಚೀಚೆ ಎಳೆದಾಡುತ್ತಿರುತ್ತವೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ದೂರದೂರದ ಎರಡು ಕಾಲಗಳನ್ನು ಎದುರುಬದುರು ಇಟ್ಟು ನೋಡಿದರೆ ಮಾತ್ರ ಪಿಸುಮಾತು ಕೇಳಿಸೀತು. ಎರಡು ಸಾವಿರ ವರ್ಷದ ಹಿಂದೆ ಭೂಮಿ ಎಷ್ಟು ಬೇಗ ತಿರುಗುತ್ತಿತ್ತು ಎಂದು ಹೇಳಬಲ್ಲ ಉಪಕರಣ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ಇಲ್ಲಿ ಖಗ್ರಾಸ ಸೂರ್ಯಗ್ರಹಣ ನೆರವಿಗೆ ಬರುತ್ತದೆ. ಅದರ ಗಾಢ ನೆರಳು ನೆಲದ ಮೇಲೆ ಒಂದು ಕಿರಿದಾದ ಪಟ್ಟಿ ಎಳೆದುಕೊಂಡು ಹೋಗುತ್ತದೆ, ಸಾಮಾನ್ಯವಾಗಿ ನೂರು ಇನ್ನೂರು ಕಿಲೋಮೀಟರ್ ಅಗಲ. 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಸೀಮೆಯಲ್ಲಿ ಮಧ್ಯಾಹ್ನದ ಹೊತ್ತಿಗೇ ಕತ್ತಲು ಕವಿದದ್ದನ್ನು ಕಂಡವರು ಈಗಲೂ ಹೇಳುತ್ತಾರೆ. ಅದೇ ದಿನ ಬೆಂಗಳೂರಿನಲ್ಲಿ ಸೂರ್ಯ ಪೂರ್ತಿ ಮುಚ್ಚಲಿಲ್ಲ. ಅಂದರೆ ‘ಇಂಥ ದಿನ, ಇಂಥ ಊರಿನಲ್ಲಿ ಸೂರ್ಯ ಪೂರಾ ಮುಚ್ಚಿದ್ದ’ ಎಂಬ ಒಂದು ಸಾಲು ಸಿಕ್ಕರೂ ಸಾಕು, ಆ ಗಳಿಗೆಯಲ್ಲಿ ಭೂಮಿಯ ಯಾವ ಮಗ್ಗುಲು ಸೂರ್ಯನ ಕಡೆಗಿತ್ತು ಎಂಬುದು ಗೊತ್ತಾಗಿಬಿಡುತ್ತದೆ. ಗಡಿಯಾರವೇ ಬೇಡ. ಊರೇ ಗಡಿಯಾರದ ಮುಳ್ಳು.

1754ರಲ್ಲಿ ಇಮ್ಯಾನ್ಯುಯೆಲ್ ಕಾಂಟ್ ಈ ವಿಷಯದ ಮೇಲೆ ಒಂದು ಪುಟ್ಟ ಪ್ರಬಂಧ ಬರೆದಿದ್ದ. ಬರ್ಲಿನ್ ಅಕಾಡೆಮಿ ಸ್ಪರ್ಧೆಗೆ ಇಟ್ಟ ಪ್ರಶ್ನೆ ಅದು. ಭರತ ಇಳಿತಗಳಿಂದ ಭೂಮಿ ನಿಧಾನವಾಗುತ್ತದೆ ಎಂದು ಮೂವತ್ತರ ಆ ಯುವಕ ಸರಿಯಾಗಿಯೇ ಊಹಿಸಿದ್ದ. ಜೊತೆಗೆ, ಇದನ್ನು ಹಳೆಯ ದಾಖಲೆಗಳಿಂದ ಸಾಧಿಸಲು ತಾನು ಹೋಗುವುದಿಲ್ಲ, ಅವು ಅಸ್ಪಷ್ಟ, ನಂಬಲಾಗದಂಥವು ಎಂದೂ ಹೇಳಿದ್ದ. ತತ್ವಜ್ಞಾನಿ ಭೌತಶಾಸ್ತ್ರ ಸರಿಯಾಗಿ ಹೇಳಿ ಇತಿಹಾಸದ ಮೇಲೆ ಕೈಚೆಲ್ಲಿದ್ದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ. ಅವನನ್ನು ದೂರುವಂತಿಲ್ಲ. ಬೇಕಾದ ದಾಖಲೆ ಆಗ ಇರಾಕಿನ ಮಣ್ಣಿನಡಿ ಮಲಗಿತ್ತು, ಅದನ್ನು ಓದಬಲ್ಲ ಒಂದು ನರಪಿಳ್ಳೆಯೂ ಭೂಮಿಯ ಮೇಲಿರಲಿಲ್ಲ.

ಮಣ್ಣಿನ ಬಿಲ್ಲೆ

ಬ್ಯಾಬಿಲೋನಿನಲ್ಲಿ ಆಕಾಶ ನೋಡುವುದೇ ಕಸುಬಾಗಿದ್ದ ಲಿಪಿಕಾರರಿದ್ದರು. ಪ್ರತಿ ರಾತ್ರಿ ಕಂಡದ್ದನ್ನು ಅವರು ಹಸಿ ಜೇಡಿಮಣ್ಣಿನ ಬಿಲ್ಲೆಯ ಮೇಲೆ ಜೊಂಡಿನ ಕಡ್ಡಿಯಿಂದ ಒತ್ತಿ ಬರೆದಿಡುತ್ತಿದ್ದರು. ಸಿಕ್ಕಿರುವುದರಲ್ಲಿ ಅತಿ ಹಳೆಯದು ಕ್ರಿ.ಪೂ. 652ರದು, ಕೊನೆಯದು ಕ್ರಿ.ಪೂ. 61ರದು. ಸುಮಾರು ಆರುನೂರು ವರ್ಷ ಒಂದೇ ಕೆಲಸ, ತಲೆಮಾರಿನಿಂದ ತಲೆಮಾರಿಗೆ. ವಿದ್ವಾಂಸರು ಇವನ್ನು ‘ಖಗೋಳ ದಿನಚರಿ’ ಎನ್ನುತ್ತಾರೆ.

ನಮಗೆ ಬೇಕಾದ ಬಿಲ್ಲೆಯ ತಾರೀಖು: ಸೆಲ್ಯೂಸಿಡ್ ಶಕೆ (ಅಲೆಕ್ಸಾಂಡರನ ನಂತರ ಅಲ್ಲಿ ಆಳಿದ ಗ್ರೀಕ್ ದೊರೆಗಳ ಕಾಲಗಣನೆ) 175, ಹನ್ನೆರಡನೆಯ ತಿಂಗಳು ಮುಗಿದು ಬಂದ ಅಧಿಕ ಮಾಸ, 29ನೆಯ ದಿನ. ಅಧಿಕ ಮಾಸ ಎಂದರೆ ಏನೆಂದು ಪಾಶ್ಚಾತ್ಯ ಓದುಗನಿಗೆ ಟಿಪ್ಪಣಿ ಹಾಕಿ ವಿವರಿಸಬೇಕು. ಪಂಚಾಂಗ ಗೋಡೆಗೆ ನೇತುಹಾಕುವ ನಮಗೆ ಅದರ ಅಗತ್ಯವಿಲ್ಲ. ಈಗಿನ ಲೆಕ್ಕದಲ್ಲಿ ಅದು ಕ್ರಿ.ಪೂ. 136ರ ಏಪ್ರಿಲ್ 15.

ಬಿಲ್ಲೆ ಹೇಳುವುದಿಷ್ಟು. ಸೂರ್ಯ ಹುಟ್ಟಿ 24 ‘ಉಷ್’ ಆದ ಮೇಲೆ ಗ್ರಹಣ ಹಿಡಿಯಿತು. ನೈಋತ್ಯದ ಕಡೆಯಿಂದ ಶುರುವಾಗಿ 18 ಉಷ್‌ನಲ್ಲಿ ಪೂರ್ತಿ ಮುಚ್ಚಿತು. ಶುಕ್ರ, ಬುಧ, ನಕ್ಷತ್ರಗಳು ಕಂಡವು. ಗುರು ಮತ್ತು ಮಂಗಳ ಕಾಣದಿರುವ ದಿನಗಳಾಗಿದ್ದರೂ ಕಂಡವು. ನೆರಳು ನೈಋತ್ಯದಿಂದ ಈಶಾನ್ಯಕ್ಕೆ ಬಿಟ್ಟಿತು. ಹಿಡಿದು ಬಿಡುವವರೆಗೆ ಒಟ್ಟು 35 ಉಷ್. ಉಷ್ ಎಂದರೆ ಆಕಾಶ ಒಂದು ಡಿಗ್ರಿ ತಿರುಗುವ ಹೊತ್ತು, ನಮ್ಮ ನಾಲ್ಕು ನಿಮಿಷ. ಸೂರ್ಯೋದಯವಾಗಿ ಒಂದೂವರೆ ಗಂಟೆ ದಾಟಿದ ಮೇಲೆ ಹಿಡಿದ ಗ್ರಹಣ ಇನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಪೂರ್ಣವಾಯಿತು ಎಂದಂತಾಯಿತು.

ಭಯವಿಲ್ಲ, ಬಣ್ಣನೆಯಿಲ್ಲ. ಹಗಲು ಹೊತ್ತಿನಲ್ಲಿ ಊರಿಗೆ ಊರೇ ಕತ್ತಲಾಗಿರುವಾಗ ಒಬ್ಬ ಮನುಷ್ಯ ನಿಂತು, ಈ ದಿನಗಳಲ್ಲಿ ಕಾಣಬಾರದ ಗ್ರಹ ಕಂಡಿತಲ್ಲ ಎಂದು ಗುರುತು ಹಾಕಿಕೊಂಡಿದ್ದಾನೆ. ಪ್ರಾಕ್ಟಿಕಲ್ ರೆಕಾರ್ಡು ಹೀಗಿರಬೇಕು ಎಂದು ನನ್ನ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ.

ಈಗ ಲೆಕ್ಕ. ಭೂಮಿಯ ವೇಗ ಎಂದೂ ಬದಲಾಗಿಲ್ಲ ಎಂದಿಟ್ಟುಕೊಂಡು ಕಂಪ್ಯೂಟರಿನಲ್ಲಿ ಹಿಂದಕ್ಕೆ ಓಡಿಸಿದರೆ, ಆವತ್ತಿನ ನೆರಳಿನ ಪಟ್ಟಿ ಬ್ಯಾಬಿಲೋನಿನ ಹತ್ತಿರಕ್ಕೂ ಬರುವುದಿಲ್ಲ. ಬ್ಯಾಬಿಲೋನಿನ ಅಕ್ಷಾಂಶದಲ್ಲಿ ಅದು ಸುಮಾರು 49 ಡಿಗ್ರಿ ಪಶ್ಚಿಮಕ್ಕೆ, ಮೊರಾಕೊ ಕಡೆ ಹಾದುಹೋಗುತ್ತದೆ. ಆದರೆ ಬ್ಯಾಬಿಲೋನಿನವರು ಕಣ್ಣಾರೆ ಕಂಡು ಬರೆದಿದ್ದಾರೆ. ಅಂದಮೇಲೆ ಭೂಮಿಯನ್ನೇ 49 ಡಿಗ್ರಿ ತಿರುಗಿಸಿ ಕೂರಿಸಬೇಕು. ಗಂಟೆಗೆ 15 ಡಿಗ್ರಿಯಂತೆ ಅದು ಮೂರೂಕಾಲು ಗಂಟೆ, ಸುಮಾರು 11,700 ಸೆಕೆಂಡ್.

ಮಿಲಿಸೆಕೆಂಡಿನ ಮಾತು ಗಂಟೆಗೆ ಹೇಗೆ ಬಂತು ಎಂದು ಹುಡುಗರು ಕೇಳಿದರು. ಹನಿ ಹನಿ ಕೂಡಿದರೆ ಹಳ್ಳ. ನಮ್ಮ ಗಡಿಯಾರದ ಸೆಕೆಂಡಿಗೆ ಸರಿಹೊಂದುವ ದಿನ 19ನೆಯ ಶತಮಾನದ ಮೊದಲ ಭಾಗದ್ದು. ಅಲ್ಲಿಂದ ಆ ಗ್ರಹಣದವರೆಗೆ ಏಳು ಲಕ್ಷಕ್ಕೂ ಹೆಚ್ಚು ದಿನ. ಒಂದೊಂದು ದಿನ ಸರಾಸರಿ 16 ಮಿಲಿಸೆಕೆಂಡ್ ಮಾತ್ರ ಗಿಡ್ಡ, ಆದರೆ ಏಳು ಲಕ್ಷ ಸಲ.

ಇಂಥದೊಂದೇ ಗ್ರಹಣವಲ್ಲ. ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸನ್ ಬ್ಯಾಬಿಲೋನ್, ಚೀನಾ, ಗ್ರೀಸ್, ಅರಬ್ ನಾಡು, ಯುರೋಪುಗಳ ದಾಖಲೆಗಳನ್ನು ದಶಕಗಳ ಕಾಲ ಜಾಲಾಡಿದರು. 2016ರಲ್ಲಿ ಅವರು ಲೆಸ್ಲಿ ಮಾರಿಸನ್ ಮತ್ತು ಕ್ಯಾಥರೀನ್ ಹೋಹೆನ್‌ಕರ್ಕ್ ಜೊತೆ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಕ್ರಿ.ಪೂ. 720ರಿಂದ ಕ್ರಿ.ಶ. 2015ರವರೆಗಿನ ಲೆಕ್ಕ ಒಪ್ಪಿಸಿದರು. ದಿನ ಹಿಗ್ಗುತ್ತಿರುವುದು ಶತಮಾನಕ್ಕೆ 1.78 ಮಿಲಿಸೆಕೆಂಡ್, ಚಂದ್ರನ ಲೆಕ್ಕ ಹೇಳಿದ 2.3 ಅಲ್ಲ. ಉಳಿದ ಅರ್ಧ ಮಿಲಿಸೆಕೆಂಡಿನಲ್ಲೇ ಇರುವುದು ಸ್ವಾರಸ್ಯ. ಏನೋ ಒಂದು ಭೂಮಿಯನ್ನು ಸ್ವಲ್ಪ ಬೇಗ ತಿರುಗಿಸುತ್ತಿದೆ. ಹಿಮಯುಗದ ಮಂಜು ಕರಗಿ ಭಾರ ಇಳಿದ ಮೇಲೆ ಧ್ರುವದ ಕಡೆಯ ನೆಲ ಮೆಲ್ಲಗೆ ಮೇಲೇಳುತ್ತಿದೆ, ಭೂಮಿ ಹೊಟ್ಟೆ ಒಳಗೆಳೆದುಕೊಂಡು ತುಸು ದುಂಡಗಾಗುತ್ತಿದೆ. ಕೈ ಚಾಚಿ ಗಿರಗಿರನೆ ತಿರುಗುವ ಮಗು ಕೈ ಮಡಚಿಕೊಂಡರೆ ಇನ್ನೂ ಬೇಗ ತಿರುಗುತ್ತದಲ್ಲ, ಹಾಗೆ. ಕಾರಣಗಳಲ್ಲಿ ಇದು ಮುಖ್ಯವಾದದ್ದು. ಬ್ಯಾಬಿಲೋನಿನ ಮಣ್ಣು ಕೊನೆಗೆ ಭೂಮಿಯ ಒಡಲಿನ ಸುದ್ದಿ ಹೇಳಿತು.

ಓದಿದವರು

ಆ 2016ರ ಪ್ರಬಂಧಕ್ಕೆ ಮೂವರು ಲೇಖಕರು, ಮೂವರೂ ಖಗೋಳದ ಕಡೆಯವರು. ಅವರ ಬೆನ್ನ ಹಿಂದೆ ನಿಂತವರ ಸಾಲು ಉದ್ದವಿದೆ. ಕೇಸ್ ಸ್ಟಡಿ ಎಂದರೆ ಈ ಸಾಲನ್ನೇ ನೋಡಬೇಕು ಎಂಬುದು ನನ್ನ ಹಟ.

ಬೆಣೆಯಾಕಾರದ ಆ ಲಿಪಿಯನ್ನು ಒಡೆದದ್ದು 19ನೆಯ ಶತಮಾನದ ನಡುವಿನಲ್ಲಿ. ಆಗ ಅನೇಕರಿಗೆ ನಂಬಿಕೆಯೇ ಇರಲಿಲ್ಲ, ಪಂಡಿತರು ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ ಎನ್ನುತ್ತಿದ್ದರು. 1857ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಒಂದು ಪರೀಕ್ಷೆ ಏರ್ಪಡಿಸಿತು. ಆಗತಾನೆ ಪ್ರತಿ ಮಾಡಿದ್ದ ಅಸ್ಸೀರಿಯಾದ ದೊರೆ ತಿಗ್ಲತ್ ಪಿಲೆಸರನ ಒಂದು ಶಾಸನವನ್ನು ರಾಲಿನ್ಸನ್, ಹಿಂಕ್ಸ್, ಟಾಲ್ಬಟ್, ಒಪ್ಪರ್ಟ್ ಎಂಬ ನಾಲ್ವರು ಒಬ್ಬರದನ್ನೊಬ್ಬರು ನೋಡದೆ ಅನುವಾದಿಸಿ ಮೊಹರು ಮಾಡಿದ ಲಕೋಟೆಯಲ್ಲಿ ಕೊಟ್ಟರು. ಒಡೆದು ನೋಡಿದರೆ ಮುಖ್ಯ ಅರ್ಥದಲ್ಲಿ ನಾಲ್ಕೂ ಒಂದಕ್ಕೊಂದು ತಾಳೆಯಾದವು. ಪ್ರಯೋಗಾಲಯದಲ್ಲಿ ನಾವು ಒಂದೇ ಅಳತೆಯನ್ನು ನಾಲ್ಕು ಬೇರೆ ಬೇರೆ ಕೈಗಳಲ್ಲಿ ಮಾಡಿಸಿ ನೋಡುತ್ತೇವಲ್ಲ, ಅದು ಇದೇ.

ಆಮೇಲೆ ಬಿಲ್ಲೆಗಳು ಗಾಡಿಗಟ್ಟಲೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದವು, ಬಹುಪಾಲು ಚೂರು ಚೂರು. ಯೋಹಾನ್ ಸ್ಟ್ರಾಸ್‌ಮಾಯರ್ ಎಂಬ ಜರ್ಮನ್ ಜೆಸ್ವಿಟ್ ಪಾದ್ರಿ ಲಂಡನ್ನಿನಲ್ಲಿ ಕೂತು ಅವನ್ನು ಕೈಯಲ್ಲಿ ನಕಲು ಮಾಡತೊಡಗಿದ. ಅಂಕಿಗಳೇ ತುಂಬಿದ ಬಿಲ್ಲೆಗಳು ಅವನಿಗೆ ಬಿಡಿಸಲಾಗಲಿಲ್ಲ. ತನ್ನದೇ ಸಂಘದ, ನೆದರ್ಲೆಂಡ್ಸಿನಲ್ಲಿದ್ದ ಯೋಸೆಫ್ ಎಪಿಂಗ್ ಎಂಬ ಗಣಿತದ ಮೇಷ್ಟರಿಗೆ ಕಳಿಸಿದ. ಬಿಸ್ಮಾರ್ಕನ ಕಾಲದಲ್ಲಿ ಜರ್ಮನಿ ಜೆಸ್ವಿಟರನ್ನು ಹೊರಗಟ್ಟಿತ್ತು, ಎಪಿಂಗ್ ಕೆಲವು ವರ್ಷ ಈಕ್ವೆಡಾರ್ ದೇಶದ ಕೀಟೊದಲ್ಲಿ ಪಾಠ ಮಾಡಿ ಬಂದಿದ್ದ. ಒಬ್ಬ ಅಕ್ಷರ ಬಲ್ಲವನು, ಇನ್ನೊಬ್ಬ ಲೆಕ್ಕ ಬಲ್ಲವನು. 1881ರಲ್ಲಿ ಇಬ್ಬರ ಶ್ರಮದ ಮೊದಲ ಫಲ ಅಚ್ಚಾಯಿತು.

ಇಲ್ಲಿ ಒಂದು ಚಿಹ್ನೆಯನ್ನು ಹತ್ತಿರದಿಂದ ನೋಡಬೇಕು. ‘ಆನ್’ ಎಂಬ ಚಿಹ್ನೆಯಿದೆ. ಅದಕ್ಕೆ ಆಕಾಶ ಎಂದು ಅರ್ಥ. ದೇವರು ಎಂದೂ ಅರ್ಥ. ಈ ದಿನಚರಿಗಳಲ್ಲಿ ಅದೇ ಚಿಹ್ನೆ ಮಂಗಳ ಗ್ರಹ. ಗುರುವಿಗೆ ಬರೆಯುವುದು ‘ಬಿಳಿ ಚುಕ್ಕಿ’ ಎಂದು. ಯಾವ ಹೆಸರು ಯಾವ ಗ್ರಹದ್ದು ಎಂದು ನಿಘಂಟಿನಿಂದ ತಿಳಿಯುವಂತಿರಲಿಲ್ಲ. ಆ ರಾತ್ರಿ ಆ ಜಾಗದಲ್ಲಿ ಯಾವ ಗ್ರಹ ಇದ್ದಿರಬೇಕು ಎಂದು ಎಪಿಂಗ್ ಲೆಕ್ಕ ಹಾಕಿ ಹೆಸರುಗಳನ್ನು ಗಟ್ಟಿ ಮಾಡಿದ. ಅಂದರೆ ಸಾಲ ಎರಡೂ ಕಡೆಗಿದೆ. ಮೊದಲು ಖಗೋಳವು ಭಾಷೆಗೆ ಕೊಟ್ಟಿತು, ನೂರು ವರ್ಷ ಬಿಟ್ಟು ಭಾಷೆ ಖಗೋಳಕ್ಕೆ ಬಡ್ಡಿ ಸಮೇತ ತೀರಿಸಿತು. ‘ಸೋಮ’ದಲ್ಲಿ ಎಡವಿದ ನಮ್ಮ ಹುಡುಗ ಈ ಜಾಗಕ್ಕೆ ಬಂದಾಗ ಕಿವಿ ನಿಮಿರಿಸಿದ.

ಎಪಿಂಗ್ 1894ರಲ್ಲಿ ತೀರಿಕೊಂಡ, ಕುಗ್ಲರ್ ಎಂಬ ಇನ್ನೊಬ್ಬ ಜೆಸ್ವಿಟ್ ಕೈಹಾಕಿದ. ಅತ್ತ ಮ್ಯೂಸಿಯಮ್ಮಿನ ಪಿಂಚಸ್ ಎಂಬಾತ ಮಾಡಿಟ್ಟಿದ್ದ ಬಿಲ್ಲೆಗಳ ನಕಲು ದಶಕಗಳ ಕಾಲ ಅಚ್ಚಾಗದೆ ಬಿದ್ದಿತ್ತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಏಬ್ರಹಾಂ ಸ್ಯಾಕ್ಸ್ ಅವನ್ನು ಸ್ಟ್ರಾಸ್‌ಮಾಯರನ ನಕಲುಗಳ ಜೊತೆ ಜೋಡಿಸಿ 1955ರಲ್ಲಿ ಪ್ರಕಟಿಸಿದ. ಮುಂದೆ ದಿನಚರಿಗಳನ್ನೆಲ್ಲ ಅನುವಾದಿಸಿ ಹೊರತರಲು ಕೂತವನು ಒಂದೂ ಸಂಪುಟ ನೋಡದೆ 1983ರಲ್ಲಿ ತೀರಿಕೊಂಡ. ವಿಯೆನ್ನಾದ ಹರ್ಮನ್ ಹುಂಗರ್ ಮುಂದುವರಿಸಿ 1988ರಲ್ಲಿ ಮೊದಲ ಸಂಪುಟ ತಂದ. ಎಪಿಂಗ್‌ನ ಪುಸ್ತಕ ಬಂದದ್ದು 1889ರಲ್ಲಿ, ಹುಂಗರನ ಮೂರನೆಯ ಸಂಪುಟ 1996ರಲ್ಲಿ. ನಡುವೆ ನೂರ ಏಳು ವರ್ಷ.

ಇವರಲ್ಲಿ ಒಬ್ಬನೂ ಭೂಮಿಯ ಒಡಲಿನ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದು ಹೊರಟವನಲ್ಲ. ಈಗಿನ ಅನುದಾನದ ಅರ್ಜಿಯಲ್ಲಿ ‘ನಿರೀಕ್ಷಿತ ಫಲಿತಾಂಶ’ ಎಂಬ ಕಾಲಂ ಇರುತ್ತದೆ, ಮೂರು ವರ್ಷದೊಳಗಿನದ್ದು. ಸ್ಟ್ರಾಸ್‌ಮಾಯರ್ ಅಲ್ಲಿ ಏನು ತುಂಬುತ್ತಿದ್ದ?

ಓದು ಕೆಟ್ಟಾಗ

ಗೆದ್ದ ಕಥೆ ಮಾತ್ರ ಹೇಳಿದರೆ ಪ್ರಕರಣ ಅರ್ಧವಾಗುತ್ತದೆ. ಸಿರಿಯಾದ ಕರಾವಳಿಯ ಉಗಾರಿಟ್ ಎಂಬ ಪುರಾತನ ನಗರದಲ್ಲಿ ಒಂದು ಪುಟ್ಟ ಬಿಲ್ಲೆ ಸಿಕ್ಕಿತ್ತು. ಹಿಯಾರು ತಿಂಗಳ ಅಮಾವಾಸ್ಯೆಯಂದು ಸೂರ್ಯ ಒಳಹೋದ, ರಶಪ್ ದ್ವಾರಪಾಲಕನಾಗಿದ್ದ ಎಂಬರ್ಥದ ನಾಲ್ಕಾರು ಪದ. 1970ರಲ್ಲಿ ಸ್ಟೀಫನ್ಸನ್ನರೇ ಸಹಲೇಖಕ ಸಾಯರ್ ಜೊತೆ ಇದನ್ನು ಕ್ರಿ.ಪೂ. 1375ರ ಮೇ 3ರ ಖಗ್ರಾಸ ಗ್ರಹಣ ಎಂದು ಗುರುತಿಸಿದರು. 1989ರಲ್ಲಿ ಖಗೋಳಜ್ಞ ದ ಯೋಂಗ್ ಮತ್ತು ಭಾಷಾ ವಿದ್ವಾಂಸ ಫಾನ್ ಸೋಲ್ಟ್ ಅದನ್ನು ಕ್ರಿ.ಪೂ. 1223ರ ಮಾರ್ಚ್ 5ಕ್ಕೆ ತಂದರು. 152 ವರ್ಷ ಜಿಗಿಯಿತು. 1993ರಲ್ಲಿ ಪಾರ್ಡಿ ಮತ್ತು ಸ್ವರ್ಡ್‌ಲೋ ಎಂಬಿಬ್ಬರು ಇದು ಗ್ರಹಣವೇ ಅಲ್ಲ ಎಂದು ಬರೆದರು. ಮೂರೂ ವಿದ್ವಾಂಸರ ವಾದಗಳೇ, ಆದರೆ ಜಗಳವೆಲ್ಲ ವ್ಯಾಕರಣದ ಮೇಲೆ: ‘ಒಳಹೋದ’ ಎಂದರೆ ಮುಳುಗಿದನೋ, ಮುಚ್ಚಿಹೋದನೋ? ರಶಪ್ ಎಂದರೆ ದೇವರೋ, ಗ್ರಹವೋ?

ಇಂಥ ಕಡೆ ಆಗುವ ಅನಾಹುತಕ್ಕೆ ಅಮೆರಿಕದ ಆರ್. ಆರ್. ನ್ಯೂಟನ್ ಎಂಬ ವಿಜ್ಞಾನಿ ‘ಗುರುತು ಹಚ್ಚುವ ಆಟ’ ಎಂದು ಹೆಸರಿಟ್ಟಿದ್ದ. ಭೂಮಿಯ ವೇಗ ಇಷ್ಟು ಎಂದು ಮೊದಲೇ ಅಂದುಕೊಂಡು, ಅದಕ್ಕೆ ಹೊಂದುವ ಗ್ರಹಣವನ್ನು ಪಟ್ಟಿಯಿಂದ ಆರಿಸಿ, ಮತ್ತೆ ಅದೇ ಗ್ರಹಣದಿಂದ ಭೂಮಿಯ ವೇಗ ‘ಕಂಡುಹಿಡಿಯುವುದು’. ತಾನೇ ಬಚ್ಚಿಟ್ಟ ವಸ್ತುವನ್ನು ತಾನೇ ಹುಡುಕಿ ಕೊಟ್ಟ ಹಾಗೆ. ಕವಿತೆಯಲ್ಲಿ ಹಗಲು ಕತ್ತಲಾಯಿತು ಎಂದಿದ್ದರೆ ಅದು ಗ್ರಹಣವೋ ಅಲಂಕಾರವೋ ಎಂದು ಮೊದಲು ಕೇಳಬೇಕು. ಕುರುಕ್ಷೇತ್ರದಲ್ಲಿ ಸೈಂಧವನ ವಧೆಯ ದಿನ ಸೂರ್ಯ ಮರೆಯಾದ ಪ್ರಸಂಗದಿಂದ ಮಹಾಭಾರತದ ತಾರೀಖು ಲೆಕ್ಕ ಹಾಕುವವರು ನಮ್ಮಲ್ಲಿ ಕಮ್ಮಿಯೇ? ಸಾಫ್ಟ್‌ವೇರ್ ಹೊಸದು, ಓದುವ ಸಂಯಮ ಮಾತ್ರ ಇಲ್ಲ. ಆ ಸಂಯಮವನ್ನು ಕಲಿಸುವ ತರಗತಿ ಗಣಿತದ್ದಲ್ಲ.

ಉಪ್ಪಿನಕಾಯಿ

ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಬಂತು, ಕರ್ನಾಟಕ ಅದನ್ನು 2021ರಲ್ಲಿ ಪದವಿಗೆ ತಂದಿತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈ ಹೋಗಿಬರುವುದರ ನಡುವೆ ನಾವು ಮೇಷ್ಟ್ರುಗಳು ಟೈಂಟೇಬಲ್ ಹಾಕಿದ್ದೇ ಹಾಕಿದ್ದು. ‘ಬಹುಶಿಸ್ತೀಯ’ ಎಂಬ ಪದ ಮಾತ್ರ ಎಲ್ಲ ಸುತ್ತೋಲೆಯಲ್ಲೂ ಉಳಿಯಿತು. ನಮ್ಮಲ್ಲಿ ಅದು ಇಳಿದದ್ದು ಹೀಗೆ: ವಿಜ್ಞಾನದ ಹುಡುಗ ಇನ್ನೊಂದು ವಿಭಾಗದಿಂದ ಒಂದು ಓಪನ್ ಎಲೆಕ್ಟಿವ್ ತೆಗೆದುಕೊಳ್ಳಬೇಕು. ಹಾಜರಿ ಇದ್ದರೆ ಸಾಕು, ಅಂಕ ತಾನಾಗಿ ಬರುತ್ತದೆ ಎಂದು ಹುಡುಗರಿಗೂ ಗೊತ್ತು, ನಮಗೂ ಗೊತ್ತು. ಮಾನವಿಕ ವಿಷಯ ಎಂದರೆ ಎಲೆಯ ತುದಿಗೆ ಬಡಿಸುವ ಉಪ್ಪಿನಕಾಯಿ. ಇದ್ದರೆ ರುಚಿ, ಇಲ್ಲದಿದ್ದರೂ ಊಟ ನಡೆಯುತ್ತದೆ.

ನಾನು ಈ ಪ್ರಕರಣ ಹೇಳಿದ್ದನ್ನು ಕೇಳಿ ಕನ್ನಡದ ಮೇಡಂಗೆ ಪೂರ್ತಿ ಸಮಾಧಾನವಾಗಲಿಲ್ಲ. "ನಿಮ್ಮ ಭೂಮಿ ತಿರುಗೋದಕ್ಕೆ ಉಪಯೋಗಕ್ಕೆ ಬಂದ್ರೆ ಮಾತ್ರ ನಮ್ಮದು ಕೆಲಸಕ್ಕೆ ಬಂತು ಅಂತಲಾ ಸಾರ್?" ಎಂದರು. ಮಾತು ಸರಿಯಾಗಿ ಚುಚ್ಚಿತು. ಅಡುಗೆಮನೆಯ ಕೆಲಸವನ್ನು ಹಜಾರದವರ ಹೊಗಳಿಕೆಯಿಂದ ಅಳೆದ ಹಾಗೆ ಆಗಿತ್ತು ನನ್ನ ವಾದ.

ಆಗ ಅವರಿಗೆ ಇನ್ನೊಂದು ಬಿಲ್ಲೆಯ ಕಥೆ ಹೇಳಿದೆ. ದಿನಚರಿಗಳಲ್ಲಿ ಆಕಾಶ ಮಾತ್ರ ಇಲ್ಲ. ತಿಂಗಳ ಕೊನೆಗೆ ಒಂದು ಶೆಕೆಲ್ ತೂಕದ ಬೆಳ್ಳಿಗೆ ಎಷ್ಟು ಬಾರ್ಲಿ, ಎಷ್ಟು ಖರ್ಜೂರ, ಎಷ್ಟು ಎಳ್ಳು, ಎಷ್ಟು ಉಣ್ಣೆ ಸಿಗುತ್ತಿತ್ತು ಎಂದು ಬರೆದಿದ್ದಾರೆ, ಯೂಫ್ರೇಟಿಸ್ ನದಿಯ ನೀರು ಎಷ್ಟು ಏರಿತು ಇಳಿಯಿತು ಎಂದು ಬರೆದಿದ್ದಾರೆ. ಬೆಲೆಗಳ ಇತಿಹಾಸ ಬರೆಯುವವರು ಇವತ್ತಿಗೂ ಆ ಅಂಕಿಗಳನ್ನು ಹಿಡಿದು ಕೂತಿದ್ದಾರೆ. ಕ್ರಿ.ಪೂ. 323ರ ಜೂನ್ 11ರ ದಿನದ ನಮೂದು ಹೀಗಿದೆ: ರಾಜ ತೀರಿಕೊಂಡ. ಮೋಡ.

ಆ ರಾಜ ಅಲೆಕ್ಸಾಂಡರ್. ಹೆಸರಿಲ್ಲ, ಬಿರುದಿಲ್ಲ. ಆವತ್ತು ಮೋಡ ಕವಿದು ನಕ್ಷತ್ರ ಕಾಣಲಿಲ್ಲ ಎಂಬುದು ಬರೆಯುವವನಿಗೆ ಅಷ್ಟೇ ಮುಖ್ಯ.

ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ಯಾವ ಲೆಕ್ಕಕ್ಕೂ ಬರಲ್ಲ ಅಲ್ವಾ" ಅಂದರು. ಬರುತ್ತದೆ, ಅಲೆಕ್ಸಾಂಡರ್ ಸತ್ತ ದಿನ ಗೊತ್ತಾಗಿದ್ದೇ ಇದರಿಂದ ಎನ್ನಲು ಬಾಯಿ ತೆರೆದವನು ತಡೆದುಕೊಂಡೆ.

ನಮ್ಮ ಕಲ್ಲು

ಕನ್ನಡದ ಶಾಸನಗಳಿಂದ ಭೂಮಿಯ ವೇಗ ಅಳೆಯಬಹುದೇ ಎಂದು ಹುಡುಗರು ಕೇಳಿದರು. ನೇರವಾಗಿ ಕಷ್ಟ. ಗ್ರಹಣ ನಮ್ಮ ಶಾಸನಗಳಲ್ಲಿ ಧಾರಾಳವಾಗಿ ಬರುತ್ತದೆ, ಏಕೆಂದರೆ ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚು. ‘ಸೂರ್ಯಗ್ರಹಣ ನಿಮಿತ್ತದಿಂ ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ’ (ಕಾಲು ತೊಳೆದು, ಧಾರೆ ಎರೆದು) ಭೂಮಿ ಬಿಟ್ಟರು ಎಂಬ ಧಾಟಿ ಊರೂರಿನ ಕಲ್ಲಿನಲ್ಲಿದೆ. ಆದರೆ ಎಷ್ಟು ಮುಚ್ಚಿತು, ಯಾವ ಹೊತ್ತಿಗೆ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ದಾನ ಕೊಟ್ಟ ಅರಸ ಆವತ್ತು ಕಲ್ಲು ಇರುವ ಊರಿನಲ್ಲೇ ಇದ್ದ ಎಂದೂ ಇಲ್ಲ. ಪಂಚಾಂಗದಲ್ಲಿ ಗ್ರಹಣವಿದೆ ಎಂದು ದಾನ ಕೊಟ್ಟಿರಬಹುದು, ಮೋಡದ ಹಿಂದೆ ಅದು ಕಂಡಿರದೆಯೂ ಇರಬಹುದು.

ಬದಲಿಗೆ ಅವು ಇನ್ನೊಂದು ದಿಕ್ಕಿಗೆ ಉಪಕಾರಿ. ಕಲ್ಲಿನಲ್ಲಿರುವ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇವೆಲ್ಲ ಒಂದಕ್ಕೊಂದು ಕೂಡಿಬರುತ್ತವೆಯೇ ಎಂದು ಗ್ರಹಣ ಹಿಡಿದು ಒರೆಹಚ್ಚಬಹುದು. ಶಾಸನತಜ್ಞರಾದ ಫ್ಲೀಟ್, ಕೀಲ್‌ಹಾರ್ನ್ ಕಾಲದಿಂದ ನಡೆದುಬಂದ ದಾರಿ ಅದು. ಸ್ವಾಮಿಕಣ್ಣು ಪಿಳ್ಳೈ ಇದಕ್ಕಾಗಿಯೇ 1922ರಲ್ಲಿ ದಪ್ಪ ದಪ್ಪ ಕೋಷ್ಟಕಗಳನ್ನು ಹೊರತಂದರು. ಬೆಂಗಳೂರಿನ ನೆಹರೂ ತಾರಾಲಯದಲ್ಲಿದ್ದ ಬಿ. ಎಸ್. ಶೈಲಜಾ ಶಾಸನಗಳಲ್ಲಿನ ಆಕಾಶದ ಸುದ್ದಿಯನ್ನು ಕೂಡಿಸುವ ಕೆಲಸ ಮಾಡಿದ್ದಾರೆ. ಬಿ. ಎಲ್. ರೈಸ್ ಮತ್ತು ಅವರ ಜೊತೆಗಿದ್ದ ಪಂಡಿತರು 1886ರಿಂದ ಹೊರತಂದ ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಓದಬಲ್ಲವರು ಬೇಕು, ಅಷ್ಟೇ. ಸಿಗುವುದು ಕಷ್ಟವಾಗುತ್ತಿದೆ. ನಮ್ಮ ಕಾಲೇಜಿನಲ್ಲಿ ಹಳಗನ್ನಡವನ್ನು ನೆಚ್ಚಿ ಪಾಠ ಮಾಡುವವರು ಮೇಡಂ ಒಬ್ಬರೇ.

ಹುಡುಗನ ಪ್ರಾಜೆಕ್ಟಿಗೆ ಬರುತ್ತೇನೆ. ಚಂದ್ರಗ್ರಹಣ, ಶನಿವಾರ ಎಂದು ತಿದ್ದಿ ಮತ್ತೆ ಹುಡುಕಿದ. ಆ ವರ್ಷ ಸಿಗಲಿಲ್ಲ, ಹಿಂದಿನ ವರ್ಷ ಸಿಕ್ಕಿತು. ಶಕವರ್ಷ ‘ಕಳೆದದ್ದು’ ಎಂದು ಲೆಕ್ಕವೋ, ‘ನಡೆಯುತ್ತಿರುವುದು’ ಎಂದು ಲೆಕ್ಕವೋ ಎಂಬುದರ ಮೇಲೆ ಒಂದು ವರ್ಷ ಆಚೀಚೆಯಾಗುತ್ತದೆ ಎಂದು ಮೇಡಂ ಹೇಳಿಕೊಟ್ಟರು. ಬಗೆಹರಿಸಲು ಸಂವತ್ಸರದ ಹೆಸರು ನೋಡಬೇಕು. ಅರವತ್ತು ಹೆಸರು ಸರದಿಯಲ್ಲಿ ಬರುವುದರಿಂದ ಅಲ್ಲಿ ಮೋಸವಾಗುವುದು ಕಡಿಮೆ. ಹಾಳೆ ತಿರುಗಿಸಿದರು. ಅಚ್ಚಾದ ಪಾಠದಲ್ಲಿ ಸಂವತ್ಸರದ ಜಾಗದಲ್ಲಿ ಮೂರು ಚುಕ್ಕಿ, ಆಮೇಲೆ ‘ರಿ’ ಎಂಬ ಒಂದೇ ಅಕ್ಷರ.

"ಶಾರ್ವರಿ ಇರಬಹುದು, ವಿಕಾರಿ ಇರಬಹುದು" ಎಂದರು ಮೇಡಂ. ಸರದಿಯಲ್ಲಿ ಅವೆರಡೂ ಅಕ್ಕಪಕ್ಕದ ವರ್ಷಗಳು. ಚುಕ್ಕಿಗಳಿಂದ ಏನೂ ತೀರ್ಮಾನವಾಗುವಂತಿರಲಿಲ್ಲ. "ಒದ್ದೆ ಕಾಗದ ಹಾಕಿ ಬ್ರಷ್‌ನಲ್ಲಿ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆದು ನೋಡಬೇಕು. ಬಿಸಿಲು ಓರೆಯಾಗಿ ಬೀಳೋ ಹೊತ್ತಲ್ಲಿ ಹೋದ್ರೆ ಬರೀ ಕಣ್ಣಿಗೂ ಕಾಣಬಹುದು."

ಹುಡುಗ ಲ್ಯಾಪ್‌ಟಾಪ್ ಮುಚ್ಚಿದ. "ಕಲ್ಲು ಇನ್ನೂ ಅಲ್ಲೇ ಇದೆಯಾ ಮೇಡಂ? ಬಸ್ಸು ಎಷ್ಟೊತ್ತಿಗಿದೆ?" ಅಂದ.